ಹಸಿರು ಕಂಡರೆ ಕ್ಯಾನ್ಸರಾ, ಡಾಕ್ಟ್ರೇ?

ಲಿವರ್ ಗಡ್ಡೆಯ ಆಪರೇಷನ್‌ಗೆ ಮೊದಲು ಒಂದು ಬಣ್ಣದ ಇಂಜೆಕ್ಷನ್ ಕೊಡುತ್ತೇವೆ ಎಂದರೆ ಸಾಕು, ಮನೆಯವರಿಂದ ಈ ಪ್ರಶ್ನೆ ಬಂದೇ ಬರುತ್ತದೆ. 'ಅದು ಹೋಗಿ ಕ್ಯಾನ್ಸರ್‌ಗೆ ಅಂಟಿಕೊಳ್ಳುತ್ತಂತೆ. ಹಸಿರಾಗಿ ಹೊಳೆದದ್ದನ್ನೆಲ್ಲ ತೆಗೆದುಬಿಡ್ತೀರಂತೆ, ಹೌದಾ?'

ಇಲ್ಲ. ಈ ಬಣ್ಣಕ್ಕೆ ಕ್ಯಾನ್ಸರ್ ಯಾವುದು, ಒಳ್ಳೆಯ ಲಿವರ್ ಯಾವುದು ಅಂತ ಗೊತ್ತೇ ಆಗುವುದಿಲ್ಲ.

ಇದರ ಹೆಸರು ಇಂಡೋಸಯನಿನ್ ಗ್ರೀನ್. ನಾವು ಐಸಿಜಿ ಅನ್ನುತ್ತೇವೆ. ಹೊಸದೇನಲ್ಲ, ಅಮೆರಿಕದಲ್ಲಿ 1959ರಲ್ಲೇ ಒಪ್ಪಿಗೆ ಸಿಕ್ಕಿದ ಔಷಧ. ಲಿವರ್ ಕೋಶಗಳು ಇದನ್ನು ರಕ್ತದಿಂದ ಎಳೆದುಕೊಂಡು, ಇದ್ದ ಹಾಗೇ ಪಿತ್ತರಸಕ್ಕೆ ಬಿಡುತ್ತವೆ. ಜಪಾನ್‌ನಲ್ಲಿ ಆಪರೇಷನ್‌ಗೆ ಮೊದಲು ಇದನ್ನು ಕೊಟ್ಟು, 15 ನಿಮಿಷದ ನಂತರ ರಕ್ತದಲ್ಲಿ ಎಷ್ಟು ಉಳಿದಿದೆ ಎಂದು ನೋಡಿ ಲಿವರ್‌ನ ಶಕ್ತಿ ಅಳೆಯುವುದು ಹಳೆಯ ರೂಢಿ. ಹಾಗೆ ಕೊಟ್ಟ ಬಣ್ಣ ದಿನಗಳ ನಂತರವೂ ಗಡ್ಡೆಯಲ್ಲಿ ಹೊಳೆಯುತ್ತಿರುತ್ತದೆ ಎಂದು ಅಲ್ಲಿನ ಸರ್ಜನ್‌ಗಳು 2009ರಲ್ಲಿ ಬರೆದರು.

ಯಾಕೆ ಉಳಿಯುತ್ತದೆ? ಚರಂಡಿ ಕಟ್ಟಿಕೊಂಡಿರುತ್ತದೆ, ಅಷ್ಟೇ. ಲಿವರ್‌ನಲ್ಲೇ ಹುಟ್ಟಿದ ಕ್ಯಾನ್ಸರ್ ಕೋಶಗಳು ಎಷ್ಟೋ ಸಲ ಲಿವರ್‌ನ ಬುದ್ಧಿ ಪೂರ್ತಿ ಬಿಟ್ಟಿರುವುದಿಲ್ಲ. ಬಣ್ಣವನ್ನು ಒಳಗೆಳೆದುಕೊಳ್ಳುತ್ತವೆ, ಹೊರಗೆ ಬಿಡಲು ದಾರಿ ಸರಿ ಇರುವುದಿಲ್ಲ. ಇಡೀ ಗಡ್ಡೆ ಹೊಳೆಯುತ್ತದೆ. ದೊಡ್ಡ ಕರುಳಿನಿಂದ ಹರಡಿದ ಗಡ್ಡೆಯಾದರೆ ಕಥೆ ಬೇರೆ. ಅದು ಬಣ್ಣ ಎಳೆದುಕೊಳ್ಳುವುದಿಲ್ಲ. ಆದರೆ ಸುತ್ತಲಿನ ಲಿವರನ್ನು ಒತ್ತಿ, ಅಲ್ಲಿನ ಪಿತ್ತ ಹರಿಯದಂತೆ ಮಾಡಿರುತ್ತದೆ. ಆಗ ಕಾಣುವುದು ಒಂದು ಬಳೆ. ಮಧ್ಯೆ ಕತ್ತಲು, ಸುತ್ತ ಬೆಳಕು. ಅಲ್ಲಿ ಹೊಳೆಯುತ್ತಿರುವುದು ಕ್ಯಾನ್ಸರೇ ಅಲ್ಲ, ಪಾಪ, ಅದರ ಒತ್ತಡಕ್ಕೆ ಸಿಕ್ಕ ಲಿವರ್!

(ಆಪರೇಷನ್ ವೇಳೆ ಕ್ಯಾಮೆರಾದ ಪರದೆಯಲ್ಲಿ ಕಾಣುವ ಹಸಿರೂ ಒಂಥರಾ ಸುಳ್ಳೇ. ಐಸಿಜಿ ಹೊರಬಿಡುವ ಬೆಳಕು ಸುಮಾರು 830 ನ್ಯಾನೋಮೀಟರಿನದು, ಕಣ್ಣಿಗೆ ಕಾಣುವುದಿಲ್ಲ. ಕ್ಯಾಮೆರಾ ಅದನ್ನು ಹಿಡಿದು ಹಸಿರು ಬಳಿದು ತೋರಿಸುತ್ತದೆ.)

ಹಾಗಾದರೆ ಏನು ಉಪಯೋಗ? ಸ್ಕ್ಯಾನ್‌ಗೆ ಸಿಗದ, ಲಿವರ್‌ನ ಮೇಲ್ಭಾಗದಲ್ಲೇ ಅಡಗಿರುವ ಕೆಲವೇ ಮಿಲಿಮೀಟರಿನ ಗಂಟುಗಳು ಇದರಲ್ಲಿ ಕಾಣಬಹುದು. ಹೊಟ್ಟೆ ತೆರೆದಾಗ ಬೆರಳಿಂದ ಒತ್ತಿ ನೋಡಬಹುದು. ಸಣ್ಣ ತೂತುಗಳ ಮೂಲಕ ಮಾಡುವ ಕೀಹೋಲ್ ಆಪರೇಷನ್‌ನಲ್ಲಿ ಆ ಬೆರಳೇ ಇಲ್ಲ. ನನಗೆ ಐಸಿಜಿ ಜಾಸ್ತಿ ಬೇಕೆನಿಸುವುದು ಅಲ್ಲೇ. ಆದರೆ ಒಂದು ಸೆಂಟಿಮೀಟರಿಗಿಂತ ಆಳದಲ್ಲಿರುವುದು ಇದಕ್ಕೂ ಸಿಗುವುದಿಲ್ಲ. ಅದಕ್ಕೆ ಲಿವರ್ ಮೇಲೇ ಇಟ್ಟು ನೋಡುವ ಅಲ್ಟ್ರಾಸೌಂಡ್ ಬೇಕೇ ಬೇಕು. ಹೊಳೆಯಲಿಲ್ಲ ಅಂದಮಾತ್ರಕ್ಕೆ ಏನೂ ಇಲ್ಲ ಅಂತಲ್ಲ.

ಸಿರೋಸಿಸ್, ಅಂದರೆ ಲಿವರ್ ಗಟ್ಟಿಯಾಗಿ ಅದರ ಕೆಲಸ ನಿಧಾನವಾಗುವ ಕಾಯಿಲೆ, ಇದ್ದವರಲ್ಲಿ ಇನ್ನೂ ಕಷ್ಟ. ಹಿಂದಿನ ದಿನ ಇಂಜೆಕ್ಷನ್ ಕೊಟ್ಟರೆ ಇಡೀ ಲಿವರ್ ದೀಪಾವಳಿ. ಅದಕ್ಕೇ ಕೆಲವು ದಿನ ಮೊದಲೇ ಕೊಡುತ್ತೇವೆ. ಆಗಲೂ ಕ್ಯಾನ್ಸರ್ ಅಲ್ಲದ ಗಂಟುಗಳು ಹೊಳೆಯುತ್ತವೆ. ಹೊಸದಾಗಿ ಏನಾದರೂ ಕಂಡರೆ ಹಳೆಯ ಸ್ಕ್ಯಾನ್ ಮತ್ತೆ ತೆಗೆದು ನೋಡುತ್ತೇವೆ, ಅಲ್ಟ್ರಾಸೌಂಡ್ ಇಡುತ್ತೇವೆ, ಅನುಮಾನ ಹೋಗದಿದ್ದರೆ ಚೂರು ತೆಗೆದು ಆಗಲೇ ಪೆಥಾಲಜಿಗೆ ಕಳಿಸುತ್ತೇವೆ. ಹೊಳೆದದ್ದನ್ನೆಲ್ಲ ಸುಮ್ನೆ ಕತ್ತರಿಸುತ್ತಾ ಹೋದರೆ ಬದುಕಲು ಬೇಕಾದಷ್ಟು ಲಿವರ್ ಉಳಿಯಬೇಕಲ್ವಾ?

ಮೂತ್ರ ಹಸಿರಾಗುತ್ತಾ ಅಂತಲೂ ಕೇಳುತ್ತಾರೆ. ಇಲ್ಲ, ಇದು ಪಿತ್ತದ ಜೊತೆ ಕರುಳಿಗಿಳಿದು ಮಲದಲ್ಲಿ ಹೋಗುತ್ತದೆ. ಆದರೆ ಇದರಲ್ಲಿ ಸ್ವಲ್ಪ ಅಯೋಡೈಡ್ ಇರುತ್ತದೆ. ಅಯೋಡಿನ್ ಅಲರ್ಜಿ ಇದ್ದರೆ ಇಂಜೆಕ್ಷನ್‌ಗೆ ಮೊದಲೇ ಹೇಳಿಬಿಡಿ.