ಗದ್ದಲದೊಳಗೆ ನಮ್ಮ ಹೆಸರು

ಸಂಜೆ ಹೊತ್ತು ಮೈಸೂರಿನ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಕಿವಿಗೆ ಬಿಡುವೇ ಇಲ್ಲ. ಒಬ್ಬರು ಸೇವಂತಿಗೆ ಕೂಗುತ್ತಾರೆ, ಪಕ್ಕದಲ್ಲಿ ಚೌಕಾಸಿ, ಹಿಂದಿನಿಂದ "ಸೈಡು, ಸೈಡು" ಅಂತ ಬುಟ್ಟಿ ಹೊತ್ತವರು. ಆದರೂ ಮೊಳಕೈಯಲ್ಲಿ ಮಲ್ಲಿಗೆ ಅಳೆಯುತ್ತಾ ಅಜ್ಜಿ ಮೆಲ್ಲಗೆ ಹೇಳುವ ರೇಟು ನಮಗೆ ಸರಿಯಾಗಿ ಕೇಳಿಸುತ್ತೆ, ಅಲ್ವಾ?

1953ರಲ್ಲಿ ಕಾಲಿನ್ ಚೆರ್ರಿ ಎಂಬ ಬ್ರಿಟಿಷ್ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿ ನೋಡಿದರು. ಹೆಡ್‌ಫೋನಿನಲ್ಲಿ ಒಂದೊಂದು ಕಿವಿಗೆ ಒಂದೊಂದು ಮಾತು. ಒಂದು ಕಿವಿಗೆ ಬಿದ್ದದ್ದನ್ನು ಹಾಗೇ ಬಾಯಲ್ಲಿ ಹೇಳುತ್ತಾ ಹೋಗಬೇಕು. ಇನ್ನೊಂದು ಕಿವಿಯಲ್ಲಿ ಗಂಡಸಿನ ದನಿ ಹೆಂಗಸಿನದಾದರೆ ಜನಕ್ಕೆ ಗೊತ್ತಾಗುತ್ತಿತ್ತು. ಆದರೆ ಇಂಗ್ಲಿಷ್ ಹೋಗಿ ಜರ್ಮನ್ ಶುರುವಾದರೂ ಯಾರೂ ಅದನ್ನು ಖಚಿತವಾಗಿ ಗುರುತಿಸಲಿಲ್ಲ! ದನಿ ಒಳಗೆ ಬರುತ್ತೆ, ಮಾತು ಹೊರಗೇ ಉಳಿಯುತ್ತೆ. ಇದು ನನಗೆ ಇವತ್ತಿಗೂ ಆಶ್ಚರ್ಯ.

1959ರಲ್ಲಿ ನೆವಿಲ್ ಮೊರೇ ಎಂಬ ಮನೋವಿಜ್ಞಾನಿ ಆ ಗಮನ ಕೊಡದ ಕಿವಿಗೆ ಕೇಳುಗರ ಹೆಸರನ್ನೇ ಸೇರಿಸಿದರು. ಸುಮಾರು ಮೂರರಲ್ಲಿ ಒಂದು ಪಾಲು ಸಲ ಅದು ಕೇಳಿಸಿತು. 2001ರ ಇನ್ನೊಂದು ಅಧ್ಯಯನ ಇದಕ್ಕೂ ಸ್ವಾರಸ್ಯ: ವಿಷಯಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಂಡು ಕೆಲಸ ಮಾಡುವ ಶಕ್ತಿ, ಅಂದರೆ ವರ್ಕಿಂಗ್ ಮೆಮೊರಿ, ಜಾಸ್ತಿ ಇದ್ದವರಿಗೇ ತಮ್ಮ ಹೆಸರು ಕಡಿಮೆ ಕೇಳಿಸಿತ್ತು.

ಹೀಗೇ ಲೆಕ್ಕದಲ್ಲೇ ಗಮನ ನೆಟ್ಟು ಕೂತ ಮಕ್ಕಳು ಊಟಕ್ಕೆ ಕರೆದರೆ ಓಗೊಡಲ್ಲ. ಸುಮ್ನೆ ಅದನ್ನು ಸೊಕ್ಕು ಅಂತ ಬೈಯುವುದು ಅನ್ಯಾಯ. ಎದ್ದು ಹೋಗಿ ಭುಜ ಮುಟ್ಟಿ ಕರೆಯೋಣ, ಎರಡು ಹೆಜ್ಜೆ ತಾನೇ.