ಫೈರ್ ಇಂಜಿನ್ ಹತ್ತಿ ಬಂದ ಚಾಂಪಿಯನ್ನರು

ಇಟಲಿಯ ಫುಟ್‌ಬಾಲ್ ಚಾಂಪಿಯನ್ನರ ಪಟ್ಟಿ ತೆಗೆದು ನೋಡಿ. 1944ಕ್ಕೆ ಯಾರ ಹೆಸರೂ ಇಲ್ಲ. ಯುದ್ಧ ಇತ್ತು, ಆಟ ನಿಂತಿರುತ್ತೆ ಅಂದುಕೊಳ್ಳುತ್ತೇವೆ, ಅಲ್ವಾ? ನಿಂತಿರಲಿಲ್ಲ. ಕೊನೆಯ ಸುತ್ತಿನವರೆಗೂ ನಡೆದು, ಒಂದು ತಂಡ ಗೆದ್ದೂ ಆಗಿತ್ತು.

1943ರ ಸೆಪ್ಟೆಂಬರ್ ಹೊತ್ತಿಗೆ ದೇಶ ಎರಡು ಹೋಳಾಗಿತ್ತು. ದಕ್ಷಿಣದಲ್ಲಿ ಮಿತ್ರಪಡೆಗಳು, ಉತ್ತರದಲ್ಲಿ ಜರ್ಮನ್ನರು, ಅವರ ನೆರಳಲ್ಲಿ ಮುಸೊಲಿನಿಯ ಸರ್ಕಾರ. ಎಂದಿನ ಲೀಗ್ ಆಗದ ಮಾತು. ಹಾಗಾಗಿ ಉತ್ತರದ ತಂಡಗಳನ್ನಷ್ಟೇ ಸೇರಿಸಿ, ಆಯಾ ಭಾಗಕ್ಕೊಂದು ಗುಂಪು ಮಾಡಿ ಚಾಂಪಿಯನ್‌ಶಿಪ್ ಶುರು ಮಾಡಿದರು.

ಲಾ ಸ್ಪೆಜಿಯಾ ನೌಕಾನೆಲೆ ಇರುವ ಊರು, ಅಂದಮೇಲೆ ಬಾಂಬ್ ಬೀಳದೆ ಇರುತ್ತಾ. ಅಲ್ಲಿನ ಕ್ಲಬ್ಬಿನ ಅಧ್ಯಕ್ಷರನ್ನೇ ಜರ್ಮನಿಗೆ ಎಳೆದೊಯ್ದಿದ್ದರು. ಕ್ಲಬ್ ಮುಚ್ಚಿಹೋಗುವ ಹೊತ್ತಲ್ಲಿ ಕೈ ಹಿಡಿದದ್ದು ಊರಿನ ಅಗ್ನಿಶಾಮಕ ದಳ. ಆಟಗಾರರನ್ನು ಫೈರ್‌ಮನ್‌ಗಳಾಗಿ ಸೇರಿಸಿಕೊಂಡಿತು. ಕೆಲಸ ಸಿಕ್ಕಿತು, ಸೈನ್ಯಕ್ಕೆ ಹಿಡಿದುಕೊಂಡು ಹೋಗ್ತಾರೆ ಅನ್ನೋ ಭಯವೂ ತಪ್ಪಿತು. ತಂಡ ಆಡಿದ್ದು ಆ ದಳದ ಹೆಸರಲ್ಲೇ. ತವರಿನ ಪಂದ್ಯಗಳನ್ನೂ ದೂರದ ಕಾರ್ಪಿಯಲ್ಲಿ ಆಡಬೇಕಾಯಿತು, ಓಡಾಟಕ್ಕೆ ಫೈರ್ ಇಂಜಿನ್ನೇ ಗಾಡಿ.

ಕೊನೆಗೆ ಉಳಿದದ್ದು ಮೂರು ತಂಡ: ಸ್ಪೆಜಿಯಾ, ವೆನೆಜಿಯಾ, ಟೊರಿನೊ. ಆಡಿದ್ದು ಮಿಲಾನಿನ ಅರೆನಾದಲ್ಲಿ, ನೆಪೋಲಿಯನ್ ಕಾಲದ ಕ್ರೀಡಾಂಗಣ ಅದು. ಟೊರಿನೊ ಹಿಂದಿನ ವರ್ಷದ ಚಾಂಪಿಯನ್. ಆಟಗಾರರೆಲ್ಲ ಕಾಗದದ ಮೇಲೆ ಫಿಯೆಟ್ ಕಾರ್ಖಾನೆಯ ಕೆಲಸಗಾರರು. ತಾರೆ ಆಟಗಾರ ಮಜ್ಜೋಲಾ ಇದ್ದ, 1938ರ ವಿಶ್ವಕಪ್ ಗೆದ್ದ ಪಿಯೋಲಾ ಇದ್ದ. ಎದುರಿಗೆ ಎರಡನೇ ದರ್ಜೆ ಲೀಗಿನಿಂದ ಬಂದ ಸ್ಪೆಜಿಯಾದವರು. ಆದರೆ ಅವರ ಕೋಚ್ ಒತ್ತಾವಿಯೋ ಬಾರ್ಬಿಯೇರಿ ಚಾಣಾಕ್ಷ. ಡಿಫೆಂಡರ್‌ಗಳ ಬೆನ್ನಿಗೆ ಇನ್ನೊಬ್ಬನನ್ನು ಸುಮ್ನೆ ಕಾವಲಿಗೆ ನಿಲ್ಲಿಸುತ್ತಿದ್ದ. ತಪ್ಪಿ ಬಂದ ಚೆಂಡೆಲ್ಲ ಅವನ ಪಾಲು. ಮುಂದೆ ಇಟಲಿ ಇಡೀ ಇಂಥ ಆಟಕ್ಕೇ ಹೆಸರಾಯಿತು ಬಿಡಿ.

ಜುಲೈ 9ಕ್ಕೆ ವೆನೆಜಿಯಾ ಜೊತೆ 1-1 ಡ್ರಾ. ಜುಲೈ 16ಕ್ಕೆ ಟೊರಿನೊ ವಿರುದ್ಧ 2-1 ಗೆಲುವು, ಎರಡೂ ಗೋಲು ಸೆರ್ಜಿಯೋ ಆಂಜೆಲಿನಿಯದು. ನಾಲ್ಕು ದಿನ ಬಿಟ್ಟು ಟೊರಿನೊ ವೆನೆಜಿಯಾವನ್ನು 5-2ರಿಂದ ಬಡಿಯಿತು, ಆದರೂ ಪಾಯಿಂಟ್ ಸಾಲಲಿಲ್ಲ. ಸ್ಪೆಜಿಯಾ ಚಾಂಪಿಯನ್.

ಆಮೇಲೆ ಫುಟ್‌ಬಾಲ್ ಫೆಡರೇಷನ್ ಮಾತು ಬದಲಿಸಿತು. ಇದು ಚಾಂಪಿಯನ್‌ಶಿಪ್ ಲೆಕ್ಕಕ್ಕಿಲ್ಲ, ಬರೀ ಫೆಡರಲ್ ಕಪ್ ಅಂದುಬಿಟ್ಟರು. ಯುದ್ಧ ಮುಗಿದ ಮೇಲೂ ಅದೇ ಹಾಡು. 2002ರಲ್ಲಿ ಗೌರವಕ್ಕೆ ಅಂತ ಒಂದು ಮಾನ್ಯತೆ ಕೊಟ್ಟರು. ಜೆರ್ಸಿ ಮೇಲೆ ಇಟಲಿ ಧ್ವಜದ ಮೂರು ಬಣ್ಣದ ಬ್ಯಾಡ್ಜ್ ಹಾಕಿಕೊಳ್ಳಬಹುದು, ಪಟ್ಟಿಗೆ ಮಾತ್ರ ಸೇರಿಸಲ್ಲ.

ಅರ್ಧ ದೇಶ ಆಡಲೇ ಇಲ್ಲವಲ್ಲ, ಹೇಗೆ ರಾಷ್ಟ್ರೀಯ ಚಾಂಪಿಯನ್ ಅಂತೀರಿ ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ, ನಾನೂ ಅಲ್ಲಗಳೆಯಲ್ಲ. ಆದರೆ 1915 ನೋಡಿ. ಇಟಲಿ ಮೊದಲ ಮಹಾಯುದ್ಧಕ್ಕೆ ಇಳಿದಾಗ ಲೀಗ್ ಅರ್ಧಕ್ಕೇ ನಿಂತಿತು. ಉತ್ತರದ ಗುಂಪಲ್ಲಿ ಇನ್ನೂ ಒಂದು ಸುತ್ತು ಬಾಕಿ, ಮಧ್ಯ ಮತ್ತು ದಕ್ಷಿಣ ಇಟಲಿಯ ವಿಜೇತರ ಜೊತೆ ಆಗಬೇಕಿದ್ದ ಫೈನಲ್ ನಡೆಯಲೇ ಇಲ್ಲ. ಆದರೂ ಯುದ್ಧದ ನಂತರ ಜಿನೋವಾಗೆ ಪಟ್ಟ ಕಟ್ಟಿದರು, ರೋಮ್‌ನ ಲಾಜಿಯೋ ಕ್ಲಬ್ಬಿನವರು ಇವತ್ತಿಗೂ ಅದರಲ್ಲಿ ಪಾಲು ಕೇಳ್ತಿದ್ದಾರೆ. ಜಿನೋವಾದ ಒಂಬತ್ತು ಪ್ರಶಸ್ತಿಗಳಲ್ಲಿ ಅದೂ ಒಂದು. ಮುಗಿಯದ ಲೀಗ್ ಲೆಕ್ಕಕ್ಕೆ ಬರುತ್ತೆ, ಮುಗಿದದ್ದು ಬರಲ್ಲ ಅಂದ್ರೆ ಏನು ಲೆಕ್ಕಾಚಾರ ಇದು? ಆ ಜುಲೈನಲ್ಲಿ ಟೊರಿನೊ ಗೆದ್ದಿದ್ದರೆ ಫೆಡರೇಷನ್ ಇಷ್ಟು ಜಿಗುಟು ಮಾಡ್ತಿತ್ತಾ ಅನ್ನೋ ಅನುಮಾನ ನನಗಂತೂ ಹೋಗಿಲ್ಲ.