ಸ್ಕೂಲೇ ಇಲ್ಲಿನ ಸುಗ್ಗಿ

ಸೆಪ್ಟೆಂಬರ್ ಕೊನೆಯ ವಾರ. ಬೆಳಗಿನ ವಾಕಿಂಗ್ ಮುಗಿಸಿ ಬಂದ ಅಪ್ಪ ಬಾಗಿಲಲ್ಲೇ ನಿಂತು ಕರೆದರು.

"ಬಾಮ್ಮ ಇಲ್ಲಿ. ರಸ್ತೆಗೆ ಅಡ್ಡ ಏನೋ ಕೇಬಲ್ ಎಳೆದಿದಾರೆ. ನೆಲದ ಮೇಲೆ ಹಾಗೇ ಬಿಟ್ಟಿದಾರಲ್ಲ, ಕರೆಂಟ್ ಗಿರೆಂಟ್ ಇದ್ದೀತು."

ಹೋಗಿ ನೋಡಿದೆ. ನಮ್ಮ ಮನೆಯಿಂದ ನಾಲ್ಕು ಮನೆ ಆಚೆ, ಎರಡು ಕಪ್ಪು ರಬ್ಬರ್ ಪೈಪು. ಹೆಬ್ಬೆರಳಿಗಿಂತ ಸಣ್ಣವು. ರಸ್ತೆಯ ಈ ಅಂಚಿನಿಂದ ಆ ಅಂಚಿನವರೆಗೆ ಎಳೆದು ಮೊಳೆ ಹೊಡೆದಿದ್ದರು. ಎರಡರ ನಡುವೆ ಒಂದು ದೊಡ್ಡ ಹೆಜ್ಜೆಯಷ್ಟು ಜಾಗ. ಒಂದು ಕೊನೆ ಮುಚ್ಚಿತ್ತು. ಇನ್ನೊಂದು ಕೊನೆ ಒಂದು ಪೆಟ್ಟಿಗೆಯೊಳಗೆ ಹೋಗಿತ್ತು. ಪೆಟ್ಟಿಗೆಗೆ ಸರಪಳಿ ಸುತ್ತಿ, ಲೈಟ್ ಕಂಬಕ್ಕೆ ಬೀಗ ಹಾಕಿದ್ದರು.

ನನಗೆ ಎಷ್ಟು ಖುಷಿಯಾಯಿತು ಅಂದರೆ, ರಸ್ತೆಯಲ್ಲೇ ಅಪ್ಪನ ಕೈ ಹಿಡಿದುಕೊಂಡೆ. ನಾಲ್ಕು ತಿಂಗಳಿಂದ ನಾನು ಕೇಳುತ್ತಿದ್ದದ್ದು ಇದನ್ನೇ.

ನಾವಿರುವುದು ಮೆಲ್ಬರ್ನ್‌ನ ಪಶ್ಚಿಮದ ಒಂದು ಹೊಸ ಬಡಾವಣೆಯಲ್ಲಿ. ಮಗಳು ಸ್ಕೂಲಿಗೆ ನಡೆದೇ ಹೋಗುತ್ತಾಳೆ. ಸ್ಕೂಲಿನ ಮುಂದಿನ ರಸ್ತೆಯಲ್ಲಿ ಬೆಳಿಗ್ಗೆ 8ರಿಂದ 9.30, ಮಧ್ಯಾಹ್ನ 2.30ರಿಂದ 4 ಗಂಟೆವರೆಗೆ 40 ಕಿಲೋಮೀಟರ್ ಮಿತಿ ಇದೆ. ನಮ್ಮ ಬೀದಿಗೆ ಅದಿಲ್ಲ, ಇಲ್ಲಿ 50. ಮುಖ್ಯರಸ್ತೆಯ ಸಿಗ್ನಲ್ ತಪ್ಪಿಸಲು ಕಾರುಗಳು ನಮ್ಮ ಬೀದಿಗೇ ನುಗ್ಗುತ್ತವೆ. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಅವಳು ದಾಟುವಾಗ ಒಂದು ಕಾರಿನ ಕನ್ನಡಿ ಅವಳ ಬ್ಯಾಗಿಗೆ ಸವರಿಕೊಂಡು ಹೋಯಿತು. ಅವಳಿಗೆ ಏನೂ ಆಗಲಿಲ್ಲ. ನಾನು ಮಾತ್ರ ಆ ರಾತ್ರಿ ಮಲಗಲಿಲ್ಲ. ಮಾರನೇ ದಿನವೇ ಕೌನ್ಸಿಲ್‌ಗೆ, ಅಂದರೆ ಇಲ್ಲಿನ ನಗರಸಭೆಗೆ, ಬರೆದೆ: ಇಲ್ಲಿ ಹಂಪ್ ಹಾಕಿ ಅಂತ. ಮೊದಲು ಗಾಡಿ ಎಣಿಸಬೇಕು, ವೇಗ ಅಳೆಯಬೇಕು, ಆಮೇಲೆ ಹಂಪ್ ಮಾತು ಅಂದರು. ಈ ಪೈಪು ಬಂದದ್ದು ಹಾಗೆ.

ಅಪ್ಪನಿಗೆ ಹೇಳಿದೆ. ಇದರಲ್ಲಿ ಕರೆಂಟ್ ಇಲ್ಲ, ಒಳಗಿರುವುದು ಬರೀ ಗಾಳಿ. ಚಕ್ರ ಮೇಲೆ ಹತ್ತಿದಾಗ ಗಾಳಿ ಒತ್ತಿಕೊಂಡು ಪೆಟ್ಟಿಗೆಯ ಕಡೆಗೆ ಓಡುತ್ತದೆ. ಅಲ್ಲಿನ ಯಂತ್ರ ಆ ಒತ್ತಡವನ್ನು ಗುರುತಿಸಿ, ಸರಿಯಾದ ಸಮಯ ಬರೆದುಕೊಳ್ಳುತ್ತದೆ. ಅಷ್ಟೇ ಅದರ ಕೆಲಸ. ಗಾಡಿ ಅದಕ್ಕೆ ಕಾಣುವುದಿಲ್ಲ. ಚಕ್ರದ ತುಳಿತ ಮಾತ್ರ ಗೊತ್ತಾಗುತ್ತದೆ.

ಅಪ್ಪ ಅಲ್ಲೇ ಕಟ್ಟೆಯ ಮೇಲೆ ಕೂತರು. ಅವರು ತಿಪಟೂರಿನ ಕಡೆ ಪಿ.ಡಬ್ಲ್ಯು.ಡಿ.ಯಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದವರು. ರಸ್ತೆ ಅಂದರೆ ಅವರಿಗೆ ಬೇರೆ ಮಾತು ಬೇಡ.

"ಹಾಗಾದ್ರೆ ಒಂದೇ ಪೈಪ್ ಇದ್ರೆ ದೊಡ್ಡ ಲಾರಿ ಹೋದಾಗ ಲೆಕ್ಕ ತಪ್ಪುತ್ತಲ್ಲಮ್ಮ?"

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದರು. ಒಂದೇ ಪೈಪಿದ್ದರೆ ಆಕ್ಸಲ್, ಅಂದರೆ ಎಡ-ಬಲ ಚಕ್ರ ಸೇರಿಸುವ ಅಚ್ಚು, ಎಷ್ಟು ಅಂತ ಎಣಿಸಿ ಎರಡರಿಂದ ಭಾಗಿಸುವುದೊಂದೇ ದಾರಿ. ಆರು ಆಕ್ಸಲ್ ಲಾರಿ ಮೂರು ಕಾರಾಗಿ ಬಿಡುತ್ತದೆ. ಎರಡು ಪೈಪಿದ್ದರೆ ಕಥೆಯೇ ಬೇರೆ. ಯಾವುದನ್ನು ಮೊದಲು ತುಳಿಯಿತು ಅನ್ನುವುದರಿಂದ ದಿಕ್ಕು ಗೊತ್ತಾಗುತ್ತದೆ. ಎರಡರ ನಡುವೆ 1 ಮೀಟರ್ ಇದ್ದು, ಮೊದಲನೆಯದರಿಂದ ಎರಡನೆಯದಕ್ಕೆ ಬರಲು 0.1 ಸೆಕೆಂಡ್ ಹಿಡಿದರೆ ಆ ಗಾಡಿಯ ವೇಗ ಗಂಟೆಗೆ 36 ಕಿಲೋಮೀಟರ್. 0.06 ಸೆಕೆಂಡ್ ಆದರೆ 60. ವೇಗ ಸಿಕ್ಕ ಮೇಲೆ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎಷ್ಟು ದೂರ ಅನ್ನುವುದೂ ಸಿಗುತ್ತದೆ. ಆಸ್ಟ್ರೇಲಿಯಾದಲ್ಲಿ ಗಾಡಿಗಳನ್ನು 12 ವರ್ಗ ಮಾಡಿದ್ದಾರೆ. ಎರಡೇ ಆಕ್ಸಲ್, ನಡುವಿನ ದೂರ 3.2 ಮೀಟರ್ ಒಳಗಿದ್ದರೆ ಅದು ಮೊದಲ ವರ್ಗ, ಅಂದರೆ ಕಾರಿನಂಥದ್ದು. ಅದಕ್ಕಿಂತ ಜಾಸ್ತಿ ಇದ್ದರೆ ಲಾರಿ ಅಥವಾ ಬಸ್ಸು. ಸುಮ್ನೆ ಬಿದ್ದಿರುವ ಎರಡು ಪೈಪು ಇಷ್ಟೆಲ್ಲ ಹೇಳುತ್ತವೆ ಅನ್ನುವುದು ನನಗೆ ಇವತ್ತಿಗೂ ಆಶ್ಚರ್ಯ.

"ನಾವು ಕೈಯಲ್ಲೇ ಎಣಿಸ್ತಿದ್ವಿ," ಅಂದರು ಅಪ್ಪ.

ನನಗೂ ನೆನಪಿದೆ. ಬಿ.ಎಚ್. ರಸ್ತೆಯ ಪಕ್ಕ, ಹುಣಸೆಮರದ ಕೆಳಗೆ ಒಂದು ಟೇಬಲ್, ರಾತ್ರಿಗೆ ಒಂದು ಲಾಟೀನು. ಏಳು ದಿನ, ಹಗಲೂ ರಾತ್ರಿ, ಪಾಳಿಯಲ್ಲಿ. ಒಂದೊಂದು ಜಾತಿಯ ಗಾಡಿಗೆ ಒಂದೊಂದು ಕಾಲಂ. ನಾಲ್ಕು ಗೀಟು, ಐದನೆಯದಕ್ಕೆ ಅಡ್ಡಗೀಟು. ಅಮ್ಮ ಕಟ್ಟಿಕೊಟ್ಟ ಬುತ್ತಿ ತೆಗೆದುಕೊಂಡು ಹೋಗುತ್ತಿದ್ದ ನನಗೆ ಎತ್ತಿನ ಗಾಡಿಯ ಕಾಲಂ ಬಿಟ್ಟುಕೊಡುತ್ತಿದ್ದರು. ಅದನ್ನು ತಪ್ಪಿಲ್ಲದೆ ಎಣಿಸಬೇಕಿತ್ತು. ಯಾಕೆಂದರೆ ರಸ್ತೆಗಳ ನಿಯಮ ಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ (ಐ.ಆರ್.ಸಿ.) ಲೆಕ್ಕದಲ್ಲಿ ಕಾರು 1 ಅಂದರೆ ಸ್ಕೂಟರ್ ಅರ್ಧ, ಲಾರಿ-ಬಸ್ಸು 3, ಟ್ರೈಲರ್ ಕಟ್ಟಿದ ಟ್ರ್ಯಾಕ್ಟರ್ 4.5. ದೊಡ್ಡ ಎತ್ತಿನ ಗಾಡಿ 8! ಅದು ನಿಧಾನ, ಹಿಂದಿನವರೆಲ್ಲ ಕಾಯಬೇಕು, ಅದಕ್ಕೇ. ನಾನು ಒಂದು ಗೀಟು ತಪ್ಪಿದರೆ ಎಂಟು ಕಾರು ತಪ್ಪಿದ ಹಾಗೆ ಅಂತ ಅಪ್ಪ ಹೇಳುತ್ತಿದ್ದರು.

ಅವತ್ತಿನಿಂದ ಪೈಪು ಅಪ್ಪನ ಜವಾಬ್ದಾರಿಯಾಯಿತು. ದಿನಕ್ಕೆ ಮೂರು ಸಲ ಹೋಗಿ ನೋಡಿ ಬರುವರು. ಎರಡನೇ ದಿನ ಸಂಜೆ ಒಂದು ವ್ಯಾನಿನ ಹಿಂದಿನ ಚಕ್ರ ಸರಿಯಾಗಿ ಪೈಪಿನ ಮೇಲೇ ನಿಂತಿತ್ತು. ಪೈಪು ಅಮುಕಿಕೊಂಡರೆ ಗಾಳಿ ಆಚೆ ದಾಟುವುದಿಲ್ಲ. ರಸ್ತೆಯ ಅರ್ಧಕ್ಕೆ ಲೆಕ್ಕವೇ ಇಲ್ಲ. ಅಪ್ಪ ಬಂದು ನನ್ನನ್ನು ಕರೆದುಕೊಂಡು ಹೋದರು. ಆ ಮನೆಯವರಿಗೆ ಇಂಗ್ಲಿಷಿನಲ್ಲಿ ಹೇಳುವ ಕೆಲಸ ನನ್ನದು. ಪಾಪ, ಅವರು ಒಳ್ಳೆಯವರು. ಪೊಲೀಸರು ದಂಡ ಹಾಕಲು ಇಟ್ಟಿದ್ದಾರೆ ಅಂದುಕೊಂಡಿದ್ದರಂತೆ. ತುಂಬ ಜನ ಹಾಗೇ ಅಂದುಕೊಂಡು ಪೈಪಿನ ಹತ್ತಿರ ಬಂದಾಗ ಬ್ರೇಕ್ ಹಾಕುತ್ತಾರೆ. ಪೈಪಿಗೆ ನಂಬರ್ ಪ್ಲೇಟ್ ಕಾಣಿಸುವುದಿಲ್ಲ, ಅದು ಫೋಟೋ ತೆಗೆಯುವುದಿಲ್ಲ. ಅಲ್ಲಿ ಬ್ರೇಕ್ ಹಾಕಿದರೆ ನಮ್ಮ ಬೀದಿಯ ನಿಜವಾದ ವೇಗ ದಾಖಲಾಗುವುದಿಲ್ಲ, ನಷ್ಟ ನಮಗೇ. ವ್ಯಾನು ಹತ್ತೇ ನಿಮಿಷದಲ್ಲಿ ಪಕ್ಕಕ್ಕೆ ಹೋಯಿತು.

ನಾಲ್ಕನೇ ದಿನ ಬೆಳಿಗ್ಗೆ ಅಪ್ಪ ಕಾಫಿ ಲೋಟ ಕೆಳಗಿಟ್ಟು ಕೇಳಿದರು.

"ಅಲ್ಲಮ್ಮ, ಮಕ್ಕಳಿಗೆ ರಜಾ ಅಲ್ವಾ ಈಗ?"

ನಾನು ಹಾಗೇ ನಿಂತುಬಿಟ್ಟೆ. ಹೌದು. ಸ್ಕೂಲಿಗೆ ಎರಡು ವಾರ ರಜೆ. ಮಗಳು ಒಳಗೆ ಮಲಗಿದ್ದಳು.

"ನಾವು ವರ್ಷಕ್ಕೆ ಎರಡು ಸಲ ಎಣಿಸ್ತಿದ್ವಿ. ಸುಗ್ಗೀಲಿ ಒಂದ್ಸಲ, ಸುಗ್ಗಿ ಇಲ್ಲದಾಗ ಒಂದ್ಸಲ. ಸುಗ್ಗೀಲಿ ಎಣಿಸ್ಲಿಲ್ಲ ಅಂದ್ರೆ ಆ ರಸ್ತೆ ಏನು ಹೊರುತ್ತೆ ಅಂತ ಹೆಂಗೆ ಗೊತ್ತಾಗ್ಬೇಕು? ಇಲ್ಲಿ ಸ್ಕೂಲೇ ಸುಗ್ಗಿ ಅಲ್ವಾ?"

ಅಪ್ಪ ಹೇಳಿದ್ದು ಮನೆಯ ಮಾತಲ್ಲ. 1972ರ ಐ.ಆರ್.ಸಿ. ನಿಯಮವೇ ಹಾಗಿದೆ. ಊರಾಚೆಯ ರಸ್ತೆಗಳನ್ನು ವರ್ಷಕ್ಕೆ ಕನಿಷ್ಠ ಎರಡು ಸಲ ಎಣಿಸಬೇಕು, ಒಂದು ಸಲ ಕೊಯ್ಲು-ಮಾರಾಟದ ಕಾಲದಲ್ಲಿ.

ಕೌನ್ಸಿಲ್‌ನ ಉತ್ತರ ಅಕ್ಟೋಬರ್‌ನಲ್ಲಿ ಬಂತು. ನಾವು ಹೆದರಿದ ಹಾಗೇ ಆಗಿತ್ತು. ದಿನದ ಸರಾಸರಿ ಗಾಡಿ ಕಡಿಮೆ. ಶೇಕಡಾ 85ರ ವೇಗವೂ ಮಿತಿಯ ಆಸುಪಾಸಿನಲ್ಲೇ ಇದೆ, ಆದ್ದರಿಂದ ಹಂಪ್ ಬೇಕಿಲ್ಲ. ಈ 85 ಅನ್ನುವುದು ಇಲ್ಲಿ ದೊಡ್ಡ ಮಾತು. ನೂರು ಗಾಡಿಗಳನ್ನು ನಿಧಾನದ್ದರಿಂದ ಜೋರಿನದರವರೆಗೆ ಸಾಲಾಗಿ ನಿಲ್ಲಿಸಿ. 85ನೇ ಗಾಡಿಯ ವೇಗವೇ ಅದು. ಉಳಿದ 15 ಅದಕ್ಕಿಂತ ಜೋರು. ಏಳು ದಿನದ ಎಲ್ಲ ಗಾಡಿಗಳನ್ನೂ ಹೀಗೆ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಬೆಳಗಿನ ಆ ಒಂದು ಗಂಟೆ ಎಲ್ಲೋ ಕರಗಿ ಹೋಗುತ್ತದೆ. ಪ್ರತಿ ತುಳಿತದ ಸಮಯವೂ ಪೆಟ್ಟಿಗೆಯಲ್ಲಿ ಇರುತ್ತದೆ. ಹಾಗಾಗಿ ನಿಮ್ಮ ಬೀದಿಯಲ್ಲೂ ಹೀಗೆ ಎಣಿಸಿದರೆ ಗಂಟೆ ಗಂಟೆಯ ಲೆಕ್ಕ ಕೇಳಿ. ದಿನದ ಸರಾಸರಿಗೆ ಒಪ್ಪಿಕೊಳ್ಳಬೇಡಿ.

ನನಗೆ ಅಳುವೇ ಬಂತು. ಅಪ್ಪ ಮಾತಾಡಲಿಲ್ಲ. ಮೊಮ್ಮಗಳ ರೂಲ್ ಪುಸ್ತಕದಿಂದ ಒಂದು ಹಾಳೆ ಹರಿದು, ಸ್ಕೇಲ್ ಇಟ್ಟು ಕಾಲಂ ಎಳೆದರು.

ಮಾರನೇ ಸೋಮವಾರ ಬೆಳಿಗ್ಗೆ 8 ಗಂಟೆಗೆ ಸ್ವೆಟರ್ ಹಾಕಿಕೊಂಡು ಮನೆ ಮುಂದೆ ಕುರ್ಚಿ ಹಾಕಿದರು. ಸ್ಕೂಲು ಶುರುವಾಗಿತ್ತು. ಶುಕ್ರವಾರದವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಕಾರಿಗೆ ಒಂದು ಕಾಲಂ, ವ್ಯಾನಿಗೆ ಒಂದು, ಸೈಕಲ್ಲಿಗೆ ಒಂದು. ಕೊನೆಯ ಕಾಲಮಿಗೆ ಕನ್ನಡದಲ್ಲೇ 'ಮಕ್ಕಳು' ಅಂತ ಬರೆದಿದ್ದರು. ಪೈಪಿಗೆ ತಿಳಿಯದ ಲೆಕ್ಕ ಅದು. ಎಂಟು ವರ್ಷದ ಮಗು ಅದರ ಮೇಲೆ ಹಾರಿ ದಾಟಿದರೂ ಪೆಟ್ಟಿಗೆಯಲ್ಲಿ ಏನೂ ಬರೆದುಕೊಳ್ಳುವುದಿಲ್ಲ. ಎಂಟೂವರೆಯಿಂದ ಒಂಬತ್ತರ ನಡುವೆ ಅಪ್ಪನ ಗೀಟುಗಳು ಒಂದರ ಮೇಲೊಂದು ಬಿದ್ದು ಆ ಕಾಲಂ ಪಕ್ಕದ ಕಾಲಮಿಗೂ ಹರಡಿತ್ತು.

ಐದು ಹಾಳೆಗಳನ್ನೂ ಸ್ಕ್ಯಾನ್ ಮಾಡಿ ಕಳಿಸಿದೆ. 'ಮಕ್ಕಳು' ಅನ್ನುವುದನ್ನು ಮಾತ್ರ ಇಂಗ್ಲಿಷಿಗೆ ಮಾಡಿ ಪಕ್ಕದಲ್ಲಿ ಬರೆದೆ. ರಜೆಯಲ್ಲಿ ಎಣಿಸಿದ್ದೀರಿ, ಸ್ಕೂಲಿರುವಾಗ ಇನ್ನೊಮ್ಮೆ ಎಣಿಸಿ ಅಂತ ಕೇಳಿದೆ. ಹತ್ತು ದಿನ ಬಿಟ್ಟು ಫೋನ್ ಬಂತು. ಎಂಜಿನಿಯರ್ ಹುಡುಗಿ, ಮಾತು ಮೃದು. ಹಾಳೆ ಯಾರು ಮಾಡಿದ್ದು ಅಂತ ಕೇಳಿದಳು. ನಮ್ಮ ತಂದೆ, ರಸ್ತೆ ಇಲಾಖೆಯಲ್ಲಿ ಇದ್ದವರು ಅಂದೆ. ಮತ್ತೆ ಎಣಿಸಲು ಒಪ್ಪಿಕೊಂಡಳು. ನವೆಂಬರ್ ಮೊದಲ ಮಂಗಳವಾರ ಮೆಲ್ಬರ್ನ್ ಕಪ್ ಕುದುರೆ ರೇಸಿನ ರಜೆ, ಆ ವಾರ ಬೇಡ, ಮುಂದಿನ ವಾರ ಹಾಕಿಸುತ್ತೇನೆ ಅಂತ ಅವಳೇ ಹೇಳಿದಳು.

ಅಷ್ಟು ಹೊತ್ತಿಗೆ ಅಪ್ಪ ಊರಿಗೆ ಹೋಗಿಯಾಗಿತ್ತು.

ಮೊನ್ನೆ ಸೋಮವಾರ ಮಗಳನ್ನು ಸ್ಕೂಲಿಗೆ ಬಿಡಲು ಹೊರಟಾಗ ಪೈಪು ಮತ್ತೆ ಬಂದಿತ್ತು. ಈ ಸಲ ನಮ್ಮ ಗೇಟಿನ ಎದುರಿಗೇ, ಮಕ್ಕಳು ದಾಟುವ ಜಾಗದಲ್ಲಿ. ಫೋಟೋ ತೆಗೆದು ಅಪ್ಪನಿಗೆ ವಾಟ್ಸಾಪ್ ಮಾಡಿದೆ. ತಿಪಟೂರಿನಲ್ಲಿ ಇನ್ನೂ ಬೆಳಗಿನ ಜಾವ. ಆದರೂ ಎದ್ದಿದ್ದರು, ತಕ್ಷಣ ಫೋನ್ ಮಾಡಿದರು.

"ಮೊಳೆ ಬಿಗಿಯಾಗಿದೆಯಾ ನೋಡು. ಆ ವ್ಯಾನಿನೋರಿಗೆ ಒಂದು ಮಾತು ಹೇಳ್ಬಿಡಮ್ಮ, ಇವತ್ತೇ."